ಮೂಗಯ್ಯನವರಿಗೆ ನಿಮ್ಮ ಸಂಪುಟದಲ್ಲೂ ಜಾಗವಿಲ್ಲವೆ?

ಮಾನ್ಯ ಅಧ್ಯಕ್ಷರೇ,

ಮುಖಾಮುಖಿ ರಂಗಚಳವಳಿಯ ಸಂಪುಟಕ್ಕೆ ಯಾವ ನಾಟಕಕಾರರು ಸೇರುತ್ತಾರೆ, ಯಾರು ಸೇರುವುದಿಲ್ಲ ಎಂಬುದನ್ನು ನಿಮ್ಮ ಆಯ್ಕೆ ಸಮಿತಿ ತೀರ್ಮಾನಿಸಿಬಿಟ್ಟಿದೆ. ಹೂಟಗಳ್ಳಿಯ ದಿವಂಗತ ಮೂಗಯ್ಯನವರು ಸೇರುವುದಿಲ್ಲವಂತೆ. ಅವರಿಗೆ ಹಿಂದುಗಡೆ, ಅನುಬಂಧದಲ್ಲಿ, ‘ಸಾಮಾಜಿಕ ಕಳಕಳಿಯ ಪ್ರಯೋಗಗಳು’ ಎಂಬ ತಲೆಬರಹದ ಕೆಳಗೆ ಅರ್ಧ ಪುಟ ದಯಪಾಲಿಸಿದ್ದೀರಿ. ಪ್ರೇಕ್ಷಕನ ಎದುರಿಗೆ ನಿಂತು ಅವನ ನೆಮ್ಮದಿ ಕೆಡಿಸುವುದೇ ಈ ಚಳವಳಿಯ ಗುರಿಯೆಂದು ಮುನ್ನುಡಿಯಲ್ಲಿ ಬರೆದವರೂ ನೀವೇ. ಆ ಮುನ್ನುಡಿ ನಿಜವಾದರೆ ಈ ಅನುಬಂಧ ಸುಳ್ಳು.

ನೀವು ಕೊಟ್ಟ ಕಾರಣ ಎರಡು. ಮೂಗಯ್ಯನವರ ನಾಟಕ ಅಚ್ಚಾಗಿಲ್ಲ. ಅದನ್ನು ನೋಡಿ ಜನ ಕೆರಳಿದ್ದಕ್ಕೆ ಪುರಾವೆಯಿಲ್ಲ. ನಾಟಕಕಾರ ಸುದರ್ಶನ ಅವರಿಗೆ ಎರಡೂ ಇರುವುದರಿಂದ ಮೊದಲ ಅಧ್ಯಾಯ. ನನ್ನ ತಕರಾರಿಲ್ಲ, ಅವರ ನಾಟಕಗಳನ್ನು ನಾನೂ ನೋಡಿದ್ದೇನೆ. ನಟರು ನಮ್ಮನ್ನು ಹೇಡಿಗಳೆಂದು ಬೈಯುತ್ತಿದ್ದರು, ಮೈಮೇಲೆ ಕೆಂಪು ನೀರು ಎರಚುತ್ತಿದ್ದರು. ಸುದ್ದಿ ಹಬ್ಬಿದ ಮೇಲೆ ಮುಂದಿನ ಸಾಲಿನವರು ಹಳೆಯ ಅಂಗಿ ಹಾಕಿಕೊಂಡೇ ಬರತೊಡಗಿದರು. ಬೈಸಿಕೊಂಡು, ಚಪ್ಪಾಳೆ ತಟ್ಟಿ, ದೋಸೆ ತಿಂದು ಮನೆಗೆ ಹೋಗಿ ಸುಖವಾಗಿ ಮಲಗುತ್ತಿದ್ದೆವು. ಬೈದವನು ನಾಟಕಕಾರ, ಬಾಗಿಲಲ್ಲಿ ನಿಂತು ಮನೆ ಕೇಳಿದವನು ಬರೀ ಬಾಡಿಗೆದಾರ! ಪ್ರಾಸದ ಚಟ ಬಿ.ಎ. ಓದುವಾಗ ಅಂಟಿದ್ದು, ಮನ್ನಿಸಿ. ಈ ಪ್ರಾಸವನ್ನಂತೂ ನಿಮ್ಮ ಸಮಿತಿಯೇ ಹೊಂದಿಸಿಕೊಟ್ಟಿದೆ.

ಮೂಗಯ್ಯನವರ ನಾಟಕ ಏಕೆ ಅಚ್ಚಾಗಲಿಲ್ಲ ಎಂದು ಯಾರಾದರೂ ವಿಚಾರಿಸಿದಿರಾ? ಬೆಳಿಗ್ಗೆ ಅವರೂ ಅವರ ಹೆಂಡತಿ ಪುಟ್ಟಮಾದಮ್ಮನವರೂ ಬಡಾವಣೆಗಳಲ್ಲಿ ಬಾಡಿಗೆ ಮನೆ ಕೇಳಿಕೊಂಡು ಅಲೆಯುತ್ತಿದ್ದರು. ಹೆಸರು, ಊರು ಹೇಳಿ, ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆಗೆ ಉತ್ತರಿಸಿದೊಡನೆ ಖಾಲಿಯಿದ್ದ ಮನೆ ಭರ್ತಿಯಾಗುತ್ತಿತ್ತು. ಆಗ ಇಬ್ಬರೂ ಕೈಮುಗಿದು, ಸಂಜೆಯ ನಾಟಕಕ್ಕೆ ಎರಡು ಪಾಸು ಕೊಟ್ಟು ಬರುತ್ತಿದ್ದರು. ಸಂಜೆ ರಂಗದ ಮೇಲೆ ಬೆಳಗಿನ ಮಾತುಗಳೇ, ಒಂದಕ್ಷರ ಆಚೀಚೆಯಾಗದೆ. ನಾಟಕದ ಹೆಸರು ‘ಮನೆ ಖಾಲಿ ಇದೆ’. ಮಾತು ದಿನಕ್ಕೊಂದು, ಮನೆಗೊಂದು. ಯಾವುದನ್ನು ಅಚ್ಚು ಹಾಕಿಸಬೇಕಿತ್ತು, ಸ್ವಾಮಿ?

ಇನ್ನು ಪುರಾವೆ. ಜಯಲಕ್ಷ್ಮಿಪುರಂನ ನಮ್ಮ ಮನೆಗೂ ಅವರು ಬಂದಿದ್ದರು. ಮಹಡಿ ಖಾಲಿಯಿತ್ತು. ನನ್ನ ತಂದೆ ಗುರುಮಲ್ಲಪ್ಪನವರು ಕೀಲಿಕೈ ಗೊಂಚಲನ್ನು ಬೆನ್ನ ಹಿಂದೆ ಹಿಡಿದುಕೊಂಡು, “ನಮ್ಮ ಮಗಳು ಬರ್ತಾಳೆ ಕಣ್ರೀ, ಅವಳಿಗೇ ಅಂತ ಇಟ್ಟಿದೀವಿ” ಎಂದರಂತೆ. ಪುಕ್ಕಟೆ ಪಾಸು ಸಿಕ್ಕ ಖುಷಿಯಲ್ಲಿ ಸಂಜೆ ನನ್ನನ್ನೂ ಕರೆದುಕೊಂಡು ಶಾಲೆಯ ಸಭಾಂಗಣಕ್ಕೆ ಹೋದರು. ಪುಟ್ಟಮಾದಮ್ಮನವರು ಶಲ್ಯ ಹೊದ್ದು, ಕೈ ಬೆನ್ನ ಹಿಂದೆ ಕಟ್ಟಿ, ಅಪ್ಪನ ಮಾತನ್ನು ಅಪ್ಪನದೇ ರಾಗದಲ್ಲಿ ಆಡಿದರು. ಮೂಗಯ್ಯನವರು ರಂಗದಿಂದಿಳಿದು ನಮ್ಮ ಸಾಲಿಗೆ ಬಂದು, ಅಪ್ಪನ ಮುಂದೆ ನಿಂತು, ಬಹಳ ಮೆಲ್ಲಗೆ ಕೇಳಿದರು: “ಮಗಳು ಬಂದ್ರಾ ಸ್ವಾಮಿ?”

ಮಗಳು, ಈ ಪತ್ರ ಬರೆಯುತ್ತಿರುವವಳು, ಪಕ್ಕದ ಕುರ್ಚಿಯಲ್ಲೇ ಇದ್ದಳು. ತನಗೊಂದು ಮನೆ ಇದೆಯೆಂದು ಅವಳಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಮೂಗಯ್ಯನವರು ಉತ್ತರಕ್ಕಾಗಿ ಕಾದರು. ಅವರು ಮುಂದಿನ ಸಾಲಿನ ಇನ್ನೊಬ್ಬರ ಬಳಿ ಹೋದರು. ಯಾರೂ ಕೂಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಬಂದೆವು. ನಿಮ್ಮ ಸಮಿತಿ ಇದನ್ನೇ ‘ಪ್ರತಿಕ್ರಿಯೆ ದಾಖಲಾಗಿಲ್ಲ’ ಎಂದು ಬರೆದಿದೆ.

ಅಪ್ಪ ಮಾರನೆಯ ದಿನ ಬಾಡಿಗೆ ಬೋರ್ಡು ತೆಗೆದರು. ಮತ್ತೆ ಹಾಕಲಿಲ್ಲ. ಯಾರಾದರೂ ಬಂದು ಕೇಳಿದರೆ ಇದೆ ಎನ್ನಲೂ ಆಗದೆ ಇಲ್ಲ ಎನ್ನಲೂ ಆಗದೆ ಒಳಗೆ ಹೋಗಿ ಕೂರುತ್ತಿದ್ದರು. “ಜನಕ್ಕೆ ಕೊಡಲ್ಲ ಅಂದ್ರೆ ಪಾರಿವಾಳಕ್ಕಾದ್ರೂ ಕೊಡಿ” ಎಂದು ಅಮ್ಮ ಚುಚ್ಚುತ್ತಿದ್ದಳು. ಸಂಜೆಯಾದರೆ ಮಹಡಿಯಲ್ಲಿ ಯಾರೋ ಪಾತ್ರೆ ಇಳಿಸಿದ ಸದ್ದಾಗುತ್ತದೆ ಎನ್ನುತ್ತಿದ್ದರು ಅಪ್ಪ. ಮೊದಮೊದಲು ನಗುತ್ತಿದ್ದೆ. ಈಗ ನನಗೂ ಕೇಳಿಸುತ್ತದೆ, ಹಾಗಾಗಿ ನಗುವುದು ಬಿಟ್ಟಿದ್ದೇನೆ. ಅಪ್ಪ ಹಾಸಿಗೆ ಹಿಡಿದ ಮೇಲೆ ಒಂದು ದಿನ ಬಾಗಿಲ ಕಡೆ ಕೈ ತೋರಿಸಿ, “ನಿಂತವ್ರೆ ಕಣಮ್ಮ. ಮಗಳು ಬಂದ್ಲಾ ಅಂತ ಕೇಳ್ತಾವ್ರೆ” ಎಂದರು.

“ನಾನು ಇಲ್ಲೇ ಇದೀನಲ್ಲಪ್ಪ.”

“ಅದೇ ಕಣಮ್ಮ. ಅದನ್ನ ಹೆಂಗೆ ಹೇಳೋದು?”

ನೆಮ್ಮದಿ ಕೆಡಿಸುವುದು ಗುರಿಯಾದರೆ, ಅಧ್ಯಕ್ಷರೇ, ಇದಕ್ಕಿಂತ ದೊಡ್ಡ ದಾಖಲೆ ಸುದರ್ಶನ ಅವರ ಕೆಂಪು ನೀರಿನಲ್ಲಿ ಸಿಕ್ಕಿತೆ? ಸಮಿತಿಯವರು ಬಂದು ನೋಡಬಹುದು. ಮಹಡಿ ಇನ್ನೂ ಖಾಲಿಯಿದೆ. ಬೋರ್ಡು ಹಾಕಲು ನನಗೂ ಕೈ ಬರುತ್ತಿಲ್ಲ.

ಅಪ್ಪ ಹೋದ ಮೇಲೆ ನಾನು ಪುಟ್ಟಮಾದಮ್ಮನವರನ್ನು ಹುಡುಕಿಕೊಂಡು ಹೋಗಿ ಪರಿಚಯ ಮಾಡಿಕೊಂಡೆ. ಕಳೆದ ತಿಂಗಳು ನೀವು ಕರೆದ ಅಹವಾಲು ಸಭೆಗೆ ನಾವಿಬ್ಬರೂ ಬಂದಿದ್ದೆವು. “ಮುದ್ರಿತ ಪ್ರತಿ ಎಲ್ಲಿದೆಯಮ್ಮ?” ಎಂದಿರಿ. “ನಾವು ಬರೆದಿದ್ರೆ ತಾನೆ ಸ್ವಾಮಿ? ಎಲ್ಲ ಮನೆ ಯಜಮಾನ್ರು ಕೊಟ್ಟ ಮಾತು” ಎಂದರು ಅವರು. ಸದಸ್ಯರೊಬ್ಬರು ನಕ್ಕರು. ನೀವು ಕನ್ನಡಕ ತೆಗೆದು ಒರೆಸುತ್ತಾ, “ನಿಮ್ಮವರಿಗೆ ಅಂತಾನೇ ಹಿಂದ್ಗಡೆ ಬೇರೆ ಜಾಗ ಮಾಡಿದೀವಲ್ಲಮ್ಮ, ಬೇಜಾರು ಮಾಡ್ಕೋಬೇಡಿ” ಎಂದಿರಿ.

ಅವರು ನಿಮ್ಮನ್ನೇ ನೋಡಿದರು. “ಅಂಗೇ ಅಂದಿದ್ರು ಒಬ್ರು. ಮನೆ ಆಗಾಕಿಲ್ಲ, ಹಿಂದ್ಗಡೆ ಶೆಡ್ ಐತೆ, ಬೇಜಾರು ಮಾಡ್ಕಬೇಡಿ ಅಂತ. ಅವರೂ ನಿಮ್ಮಂಗೇ ಕನ್ನಡಕ ಒರೆಸ್ತಾ ಇದ್ರು.”

ಆಮೇಲೆ ಸಭೆಯಲ್ಲಿ ಯಾರೂ ನಗಲಿಲ್ಲ. ನೀವು ಕನ್ನಡಕ ಹಾಕಿಕೊಳ್ಳುವುದನ್ನೂ ಮರೆತಿರಿ. ಅಂದು ನೀವು ನೋಡಿದ್ದು ಅದೇ ನಾಟಕ, ಅಧ್ಯಕ್ಷರೇ. ಪ್ರೇಕ್ಷಕರ ಪ್ರತಿಕ್ರಿಯೆ ಏನಿತ್ತೆಂದು ಇನ್ನು ಯಾರನ್ನೂ ಕೇಳಬೇಕಾಗಿಲ್ಲ.

ನನ್ನ ಒತ್ತಾಯ ಇಷ್ಟು. ಸಂಪುಟ ಅಚ್ಚಿಗೆ ಹೋಗುವ ಮೊದಲು ಅನುಬಂಧದ ಆ ಅರ್ಧ ಪುಟ ಕಿತ್ತುಹಾಕಿ. ಮೂಗಯ್ಯ ಮತ್ತು ಪುಟ್ಟಮಾದಮ್ಮ ಇಬ್ಬರನ್ನೂ ನಾಟಕಕಾರರೆಂದೇ ಕರೆದು ಮುಖ್ಯ ಭಾಗಕ್ಕೆ ತನ್ನಿ. ಪುಟ್ಟಮಾದಮ್ಮನವರ ಬಾಯಲ್ಲಿ ಆ ಮಾತುಗಳು ಇನ್ನೂ ಇವೆ, ಕೇಳಿ ಬರೆದುಕೊಳ್ಳಿ. ಆಗುವುದಿಲ್ಲವೆಂದಾದರೆ ನಿಜವಾದ ಕಾರಣವನ್ನು ನಿಮ್ಮ ಸಹಿಯ ಮೇಲೆ ಅಚ್ಚು ಹಾಕಿಸಿ. ಅಂದು ಸಭೆ ಮುಗಿಸಿ ಮೆಟ್ಟಿಲಿಳಿಯುವಾಗ ಪುಟ್ಟಮಾದಮ್ಮನವರು ನನ್ನ ತೋಳು ಹಿಡಿದುಕೊಂಡು ಹೇಳಿದ್ದು ಒಂದೇ ಮಾತು: “ಸತ್ತ ಮೇಲೂ ಅವರ ಕೈಲಿ ಮನೆ ಹುಡುಕಿಸ್ತಾವ್ರಲ್ಲ ಕಣಮ್ಮ.” ಇದಕ್ಕೆ ಉತ್ತರ ನೀವು ಹೇಳಬೇಕು.

ಇಂತಿ,
ಖಾಲಿ ಮಹಡಿಯ ಕೆಳಗೆ ನಿದ್ದೆಗೆಟ್ಟು ವಾಸವಿರುವ
ಪ್ರೇಮಲೀಲಾ
ಜಯಲಕ್ಷ್ಮಿಪುರಂ, ಮೈಸೂರು