ಜ್ವರಕ್ಕೆ ಕುಳಿತ ಕಣಗಳು

ಶಿಡ್ಲಘಟ್ಟ
೨೩೨೭ನೆಯ ಇಸವಿ, ಎರಡನೆಯ ಬೇಸಿಗೆಯ ಒಂಬತ್ತನೆಯ ದಿನ

ಮುನ್ನೂರು ವರ್ಷ ಹಿಂದಿನ ಲ್ಯಾಬಿನ ಮಹಾಶಯರಿಗೆ,

ನಮಗೆ ವರ್ಷಕ್ಕೆ ಎರಡು ಬೇಸಿಗೆ. ಅದು ನಿಮ್ಮ ಕಾಲದವರ ಕೊಡುಗೆ, ಇರಲಿ. ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಹಾಗೆ ಕ್ಷಮೆ ಕೇಳುವುದು ರೂಢಿಯಂತೆ, ಮನಸ್ಸಿನಿಂದೇನೂ ಅಲ್ಲ. ನಾನು ಮುನಿಚೌಡಮ್ಮ, ಇಲ್ಲಿಯ ಕಣಮನೆಯಲ್ಲಿ ಸಾಕಣೆ ಮಾಡುವವಳು. ಕ್ಯಾನ್ಸರ್ ಬಂದವರ ರಕ್ತದಿಂದ ಬಿಳಿಕಣ ತೆಗೆದು, ಗಡ್ಡೆಯ ಗುರುತು ಕಲಿಸಿ, ಸಾಕಿ, ಮತ್ತೆ ಅವರ ಮೈಗೇ ಬಿಡುವ ಮನೆ ಇದು. ಹೀಗೆ ಸಾಕಿದ್ದನ್ನು ಕಾವಲುಕಣ ಎನ್ನುತ್ತೇವೆ. ನೀವು ಇಟ್ಟಿದ್ದ ಹೆಸರು ಒಂದು ಸಾಲು ಉದ್ದವಿತ್ತು, ಕೆಲಸ ಮಾತ್ರ ಗೇಣುದ್ದ.

ಬೆಳಗ್ಗೆ ಕೈಕಾಲು ತೊಳೆದು ಒಳಗೆ ಬರುತ್ತೇವೆ. ಹೂ ಮುಡಿಯುವುದಿಲ್ಲ, ಒಗ್ಗರಣೆಯ ವಾಸನೆ ಹತ್ತಿದ ಸೀರೆ ಉಡುವುದಿಲ್ಲ. ಗಾಜಿನ ತಟ್ಟೆಗಳಿಗೆ ಸಿಹಿನೀರು ಉಣಿಸಿ, ಗಡ್ಡೆಯ ತುಣುಕು ತೋರಿಸಿ ಕಣಗಳನ್ನು ಕೆರಳಿಸುತ್ತೇವೆ. ನಾಲ್ಕನೆಯ ದಿನ ಎಲ್ಲ ನಿಲ್ಲಿಸಿ, ಬಟ್ಟೆ ಮುಚ್ಚಿ, ಬಾಗಿಲು ಹಾಕುತ್ತೇವೆ. ಇದಕ್ಕೆ ಜ್ವರಕ್ಕೆ ಕೂರುವುದು ಎಂದು ಹೆಸರು. ಮೈಗೆ ಬಿಡುವ ಮುನ್ನ ಎರಡು ಸಲ ಹೀಗೆ ಕೂರಿಸುತ್ತೇವೆ. ರೇಷ್ಮೆಹುಳು ಪೊರೆ ಬಿಡುವ ಮುಂಚೆ ತಲೆಯೆತ್ತಿ ಮಿಸುಕದೆ ಕೂರುತ್ತದಲ್ಲ, ಆಗ ಸೊಪ್ಪು ಹಾಕಬಾರದೆಂದು ಈ ಊರಿನ ಹೆಂಗಸರಿಗೆಲ್ಲ ನಿಮ್ಮ ಕಾಲದಲ್ಲೇ ಗೊತ್ತಿತ್ತು. ಬಿಡುವಿಲ್ಲದೆ ಕೆರಳಿಸಿದ ಕಣ ಸಂಖ್ಯೆಯಲ್ಲಿ ಹೆಚ್ಚುತ್ತದೆ, ಆದರೆ ಮೈಯೊಳಗೆ ಹೋಗಿ ಗಡ್ಡೆಯ ಮುಂದೆ ತೂಕಡಿಸುತ್ತದೆ. ನಿಮ್ಮ ಲ್ಯಾಬಿನಿಂದ ಎರಡು ಗಂಟೆ ಬಸ್ಸಿನ ದಾರಿ ನಮ್ಮೂರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಒಬ್ಬರಾದರೂ ಬಂದು ಕೇಳಿದಿರಾ? ಹುಳ ಸಾಕುವವಳನ್ನು ಕೇಳಿದರೆ ಮರ್ಯಾದೆ ಹೋಗುತ್ತಿತ್ತೇನೋ.

ನಿಮ್ಮ ದಡ್ಡತನ ನಿಮ್ಮೊಂದಿಗೇ ಮಣ್ಣಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಯಾವ ಕಣಮನೆಯಲ್ಲಿ ಎಷ್ಟು ಕಣ ಬೆಳೆದವೆಂದು ನೋಡಿಹೋಗುವ ಎಣಿಕೆ ಕಚೇರಿ ನಮ್ಮಲ್ಲಿದೆ. ಅಲ್ಲಿಯ ದ್ಯಾವಪ್ಪನಿಗೆ ಹೋದ ವಾರ ನಿಮ್ಮ ಹಳೆಯ ಪ್ರಬಂಧ ಸಿಕ್ಕಿದೆ. ಏಳನೆಯ ರೋಗಿಯ ಕಣಗಳು, ಒಂದು ದಿನವೂ ಬಿಡುವಿಲ್ಲದೆ, ಹತ್ತೇ ದಿನದಲ್ಲಿ ಇನ್ನೂರು ಕೋಟಿ ಆದವಂತೆ. ಎಣಿಕೆಯ ನಕ್ಷೆಯಲ್ಲಿ ಗೆರೆ ಮೇಲೇರಿ ಹತ್ತನೆಯ ದಿನಕ್ಕೆ ನಿಂತಿದೆ. ಆ ಕಣಗಳು ಮೈಗೆ ಹೋದ ಮೇಲೆ ಅವಳಿಗೆ ಏನಾಯಿತೆಂದು ಒಂದಕ್ಷರವಿಲ್ಲ. ನಿಮ್ಮ ಹನ್ನೆರಡು ಜನರ ಹೆಸರು ಮಾತ್ರ ಬಿರುದುಗಳ ಸಮೇತ ಮೇಲಿದೆ. ಥೂ ನಿಮ್ಮ!

ಈಗ ದ್ಯಾವಪ್ಪ ನನ್ನ ಬಾಗಿಲ ಹೊರಗೆ ನಿಂತಿದ್ದಾನೆ. ಒಳಗೆ ಎರಡನೆಯ ಜ್ವರಕ್ಕೆ ಕುಳಿತಿರುವುದು ನನ್ನ ಮೊಮ್ಮಗಳು ನಲ್ಮೆಯ ಕಣಗಳು. “ಬಾಗ್ಲು ತೆಗೀಮ್ಮಾ! ಹಿಂಗೆ ಮಲಗಿಸ್ಕೊಂಡಿದ್ರೆ ಹೆಚ್ಚೋದ್ಯಾವಾಗ? ದೊಡ್ಡೋರೇ ಬರ್ದವ್ರೆ ನೋಡು!” ಎಂದು ನಿಮ್ಮ ಹಾಳೆಯನ್ನು ಬಾಗಿಲ ಸಂದಿಯಿಂದ ತೂರಿಸುತ್ತಿದ್ದಾನೆ. ಅವನು ಕೆಟ್ಟವನಲ್ಲ, ನಿಮ್ಮನ್ನು ನಂಬಿದವನು, ಅಷ್ಟೇ. ಇನ್ನೆರಡು ದಿನ ತಡೆದರೆ ಮಗು ಉಳಿಯುತ್ತಾಳೆ. ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಬರೆಯುತ್ತಿದ್ದೇನೆ. ನನಗೆ ಎಪ್ಪತ್ತೊಂದು ವರ್ಷ, ಅವನ ಜೊತೆ ನಾಲ್ವರಿದ್ದಾರೆ. ಭಯವಾಗುತ್ತಿದೆ.

ನಿಮ್ಮ ಹಾರ, ಶಾಲು ನೀವೇ ಹೊದ್ದುಕೊಳ್ಳಿ. ಆ ಪ್ರಬಂಧವನ್ನು ಅಚ್ಚಿಗೆ ಕೊಡುವ ಮುನ್ನ ಆ ಗೆರೆಯ ಕೆಳಗೆ ಒಂದೇ ಒಂದು ಸಾಲು ಸೇರಿಸಿ: ಏಳನೆಯ ರೋಗಿ ಆಮೇಲೆ ಎಷ್ಟು ದಿನ ಬದುಕಿದಳು. ನಿಮಗೆ ಗೊತ್ತಿದೆ. ನೀವು ಅಲ್ಲಿ ಬರೆದರೆ ಇಲ್ಲಿ ಅವನ ಕೈಯ ಹಾಳೆಯಲ್ಲೂ ಇರುತ್ತದೆ. ದ್ಯಾವಪ್ಪನಿಗೆ ಓದಲು ಬರುತ್ತದೆ.

ಚಿಲಕ ಸಡಿಲಾಗುತ್ತಿದೆ. ಬೇಗ ಬರೆಯಿರಿ.