ಅಮ್ಮನ ಮಿಷನ್ನಿನ ಷಟಲ್

ಪುಟ್ಟೀ,

ಹತ್ತಿ ಒಡೆದು ನಿಂತಿದೆ, ಬಿಸಿಲೇರುವ ಮೊದಲೇ ಬಿಡಿಸಲು ಹೋಗುತ್ತಿದ್ದೇನೆ. ಎದ್ದ ಕೂಡಲೇ ಕೋಳಿಗಳನ್ನು ಬಿಡು. ಹಾಲು ಕಾಯಿಸು, ನಿನ್ನೆಯ ಹಾಗೆ ಉಕ್ಕಿಸಬೇಡ.

ಅಮ್ಮನ ಹೊಲಿಗೆ ಮಿಷನ್ನಿಗೆ ಸೂಜಿ ಸಿಕ್ಕಿತು. ಕೆಳಗಿನ ದಾರದ ಷಟಲ್ಲೂ ಸಿಕ್ಕಿತು. ನಿನ್ನೆ ಸಂತೆಯಲ್ಲಿ ಮಿಷನ್ ರಿಪೇರಿ ತಾತ ಡಬ್ಬಿಯಿಂದ ಅದನ್ನು ತೆಗೆದು, "ಮಿಷನ್ ಇನ್ನೂ ಇದೆಯೇನಮ್ಮ? ಗುಜರಿಗೆ ಹಾಕ್ಬಿಟ್ವಿ ಅಂತ ನಿನ್ ತಂಗೀನೇ ಇದನ್ನ ತಂದ್ಕೊಟ್ಟಿದ್ಳಲ್ಲ" ಅಂದ. ಅದರ ತುದಿಯಲ್ಲಿ ಅಮ್ಮ ಅರದಿಂದ ಉಜ್ಜಿದ ಗುರುತು ಹಾಗೇ ಇದೆ.

ಆರು ತಿಂಗಳು ಅಂಗಡಿ ಅಂಗಡಿ ಅಲೆದೆವಲ್ಲೇ! ನನಗಿಂತ ಜೋರಾಗಿ ನೀನೇ ವಿಚಾರಿಸುತ್ತಿದ್ದೆ. ಅಂಗಡಿಯವರಿಗೆ ತೋರಿಸಲು ಷಟಲ್ಲಿನ ಚಿತ್ರ ಬರೆದುಕೊಟ್ಟವಳೂ ನೀನೇ. ಕಳೆದುಹೋದದ್ದನ್ನು ಎಷ್ಟು ಚೆನ್ನಾಗಿ ನೆನಪಿಟ್ಟಿದ್ದಾಳೆ ಅಂತ ನಾನು ಪೆದ್ದಿ, ಎಲ್ಲರ ಮುಂದೆ ಹೊಗಳಿಕೊಂಡು ತಿರುಗಿದೆ. ಈ ತಾತನ ಹತ್ತಿರ ಮಾತ್ರ ನೀನು ನನ್ನನ್ನು ಹೋಗಗೊಡಲಿಲ್ಲ. "ಅವನು ಮೋಸಗಾರ ಕಣಕ್ಕ, ಬೇಡ ಬಾ" ಅಂತ ಕೈ ಹಿಡಿದು ಎಳೆದೆ.

ಅಮ್ಮ ಮಿಷನ್ನನ್ನು ನನಗೇ ಕೊಟ್ಟಳು ಅಂತ ಹೊಟ್ಟೆ ಉರಿದಿದ್ದರೆ ಬಾಯಿಬಿಟ್ಟು ಜಗಳ ಆಡಬಹುದಿತ್ತು. ಬೆಳಿಗ್ಗೆ ಜುಟ್ಟು ಹಿಡಿದು ಕಿತ್ತಾಡಿ, ಸಂಜೆಗೆ ಒಂದೇ ತಟ್ಟೆಯಲ್ಲಿ ಉಂಡವರಲ್ಲವೇನೇ ನಾವು?

ಮಿಷನ್ ಸರಿಹೋದ ದಿನ ನಿನ್ನ ಹಸಿರು ಅಂಗಿಯನ್ನೇ ಮೊದಲು ಹೊಲಿಯುತ್ತೇನೆ ಅಂತ ಮಾತು ಕೊಟ್ಟಿದ್ದೆ. ಹೊಲಿದು, ಮಡಿಸಿ, ಮಿಷನ್ನಿನ ಮೇಲಿಟ್ಟಿದ್ದೇನೆ. ಅಲ್ಲಿಗೆ ನನ್ನ ಮಾತು ತೀರಿತು. ಗುಂಡಿಗಳನ್ನು ನೀನೇ ಹಾಕಿಕೋ. ಅವನ್ನು ಹಾಕಲು ನನಗೆ ಮನಸ್ಸು ಬರಲಿಲ್ಲ.

ಅಕ್ಕ