ಅಂಗಡಿಯಾಕೆಯ ‘ತುಂಬಿದೆ’

ತಂಗೀ,
ನಿನ್ನ ಮಗಳ ಪ್ರಬಂಧ ಉಳಿಯಿತು. ಮೊದಲು ಅಷ್ಟು ಓದಿಕೊಂಡು ನೀರು ಕುಡಿ.

ಗೋದಾಮಿನಿಂದ ಯಾವ ಅಂಗಡಿಗೆ ಯಾವಾಗ ಅಕ್ಕಿ ಕಳಿಸಬೇಕೆಂದು ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಾಳಲ್ಲ, ಅದರಲ್ಲಿ ಒಂದು ಅಂಗಡಿ ಮಾತ್ರ ತಾಳೆಯಾಗುತ್ತಿರಲಿಲ್ಲ. ಅಂಗಡಿಗಳಿಗೆ ಫೋನು ಮಾಡಿ ದಾಸ್ತಾನು ಬರೆದುಕೊಳ್ಳುವವಳು ಇವಳೇ, ಗೋದಾಮಿನವರು ಲಾರಿ ಕಳಿಸುವುದೂ ಇವಳ ಪಟ್ಟಿ ನೋಡಿಯೇ. ಕಾಗದದಲ್ಲಿ ದಾಸ್ತಾನು ಭರ್ತಿ, ಜನ ಮಾತ್ರ ಬರಿಗೈಯಲ್ಲಿ ವಾಪಸು. ಇದು ಸರಿಹೋಗದೆ ಸಹಿ ಹಾಕುವುದಿಲ್ಲವೆಂದು ಅವಳ ಗೈಡು ಪಟ್ಟು ಹಿಡಿದಿದ್ದರು.

ನಿನ್ನೆ ಅವಳ ಜೊತೆ ನಾನೂ ಆ ಅಂಗಡಿಗೆ ಹೋದೆ. ಖಾಲಿ ಚೀಲಗಳನ್ನು ಮಡಿಸಿಟ್ಟಿದ್ದರು.

“ಅಕ್ಕಿ ಎಷ್ಟಿದೆ ಅಮ್ಮಾ?” ಎಂದಳು ಇವಳು.

“ತುಂಬಿದೆ ಅಂತ ಮೂರು ವಾರದಿಂದ ಫೋನಲ್ಲಿ ಬಡ್ಕೊಳ್ತಿದೀನಿ. ಲಾರಿ ಕಳಿಸೋ ಹೊತ್ತಿಗೆ ನಿಂಗೆ ಕಿವುಡು ಬರುತ್ತಲ್ಲಮ್ಮ,” ಎಂದಳು ಅಂಗಡಿಯಾಕೆ.

ನನಗೆ ನಗು ತಡೆಯಲಾಗಲಿಲ್ಲ. ಅಕ್ಕಿ ಮುಗಿದರೆ ‘ಇಲ್ಲ’ ಎನ್ನದೆ ‘ತುಂಬಿದೆ’ ಎನ್ನುವ ನಮ್ಮ ಅಡುಗೆಮನೆಯ ಮಾತು ಹಾಸ್ಟೆಲಿನಲ್ಲಿ ಬೆಳೆದವಳಿಗೆ ಹೇಗೆ ಗೊತ್ತಿರಬೇಕು? ಮುಗಿದಾಗಲೆಲ್ಲ ಈ ಮಹಾರಾಯಿತಿ ಭರ್ತಿ ಎಂದೇ ಬರೆದುಕೊಂಡಿದ್ದಾಳೆ. ಸಂಜೆಯೊಳಗೆ ತಿದ್ದಿದಳು, ಎಲ್ಲ ಕೂಡಿಬಂತು. ಇವತ್ತು ಬೆಳಿಗ್ಗೆ ಗೈಡು ಸಹಿ ಹಾಕಿದರು, ಅಂಗಡಿಗೆ ಲಾರಿಯೂ ಹೊರಟಿತು.

ಇವಳ ಕೋಣೆಗೆ ನಾಲ್ಕು ಮಹಡಿ ಹತ್ತಿಳಿದರೂ ನನ್ನ ಮಂಡಿ ದೂರು ಹೇಳುತ್ತಿಲ್ಲ. ನಿನ್ನ ಮಗಳು ಮಧ್ಯಾಹ್ನದಿಂದ ಗಾಢ ನಿದ್ದೆಯಲ್ಲಿದ್ದಾಳೆ. ಇಲ್ಲಿರುವ ಒಂದೇ ಫೋನು ಅವಳ ಕೆನ್ನೆಯಡಿ ಸಿಕ್ಕಿಕೊಂಡಿದೆ, ಎಳೆಯಲು ಮನಸ್ಸಾಗಲಿಲ್ಲ, ಅದಕ್ಕೇ ಈ ಕಾರ್ಡು.

ನಿನ್ನ ಅಕ್ಕ